ಆರೋಗ್ಯ ಚಿಂತನ: ಕಪ್ಪು ಮಚ್ಚೆಯ ಒಳಗುಟ್ಟು

ಅಂಗಾಲಿನಲ್ಲೋ ಉಗುರಿನ ಅಡಿಯಲ್ಲೋ ಕಪ್ಪು ಮಚ್ಚೆಯೊಂದು ಕಾಣಿಸಿಕೊಂಡರೆ ನಾವು ಅದನ್ನು ಆಣಿಯೆಂದೋ, ಎಡವಿದ ಪೆಟ್ಟೆಂದೋ ತಿಳಿದು ಸುಮ್ಮನಾಗುತ್ತೇವೆ. ಜಮೈಕಾ ದೇಶದ ಸುಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯವರ ಕಾಲ್ಬೆರಳಿನ ಉಗುರಿನಡಿಯಲ್ಲಿ 1977ರಲ್ಲಿ ಪತ್ತೆಯಾದದ್ದು ‘ಮೆಲನೋಮಾ’ ಎಂಬ ಚರ್ಮದ ಕ್ಯಾನ್ಸರ್. ಅದು ಒಳ ಅಂಗಾಂಗಗಳಿಗೂ ಹರಡಿ, 1981ರಲ್ಲಿ ತಮ್ಮ 36ನೆಯ ವಯಸ್ಸಿನಲ್ಲಿಯೇ ಅವರು ತೀರಿಕೊಂಡರು. ಬೆರಳ ತುದಿಯ ರೋಗವು ದೇಹವನ್ನೆಲ್ಲ ಆವರಿಸುವುದು ಹೇಗೆ? ವಿಜ್ಞಾನಿಗಳು ಕಂಡುಕೊಂಡ ಒಂದು ಉತ್ತರವನ್ನು ಈ ಬಾರಿ ವಿಚಾರ ಮಾಡೋಣ.

ಚರ್ಮಕ್ಕೆ ಬಣ್ಣ ನೀಡುವ ಜೀವಕೋಶಗಳು ಹತೋಟಿ ಮೀರಿ ಬೆಳೆದಾಗ ಮೆಲನೋಮಾ ಉಂಟಾಗುತ್ತದೆ. ಯಾವ ಕೋಶವೇ ಆಗಲಿ, ಒಂದು ಎರಡಾಗಬೇಕಾದರೆ ಡಿ.ಎನ್.ಎ.ಯ ಹೊಸ ಪ್ರತಿಯನ್ನು ರಚಿಸಿಕೊಳ್ಳಬೇಕು. ಅದಕ್ಕೆ ಬೇಕಾದ ಇಟ್ಟಿಗೆಗಳೇ ನ್ಯೂಕ್ಲಿಯೋಟೈಡುಗಳು. ಅವುಗಳನ್ನು ತಯಾರಿಸುವುದು, ಮಾರ್ಪಡಿಸುವುದು ಕಿಣ್ವಗಳ ಕೆಲಸ.

ಈ ನ್ಯೂಕ್ಲಿಯೋಟೈಡುಗಳಲ್ಲಿ ಜಿ.ಟಿ.ಪಿ. ಎಂಬುದು ಇಟ್ಟಿಗೆ ಮಾತ್ರವಲ್ಲ, ಕೋಶದ ಚಲನೆಯನ್ನು ಆರಂಭಿಸುವ ಕೀಲಿಯೂ ಹೌದು. ರ‍್ಯಾಕ್ ಮತ್ತು ರೋ ಎಂಬ ಸಣ್ಣ ಪ್ರೋಟೀನುಗಳು ಜಿ.ಟಿ.ಪಿ.ಯೊಡನೆ ಕೂಡಿದಾಗ ಎಚ್ಚತ್ತು, ಕೋಶಕ್ಕೆ ಪಾದಗಳಂತಹ ಚಾಚುಗಳು ಮೂಡುತ್ತವೆ. ಅವುಗಳಿಂದ ಕ್ಯಾನ್ಸರ್ ಕೋಶವು ಸುತ್ತಲಿನ ಅಂಗಾಂಶವನ್ನು ಕರಗಿಸುತ್ತ ಒಳನುಗ್ಗುತ್ತದೆ.

ಜಿ.ಟಿ.ಪಿ.ಯ ಸಂಗ್ರಹವನ್ನು ಒಂದು ಕಣಜವೆಂದು ಭಾವಿಸಿದರೆ, ಐ.ಎಂ.ಪಿ. ಡಿಹೈಡ್ರೋಜಿನೇಸ್ ಎಂಬ ಕಿಣ್ವವು ಅದನ್ನು ತುಂಬಿಸುವ ದಿಕ್ಕಿನಲ್ಲಿಯೂ, ಜಿ.ಎಂ.ಪಿ. ರಿಡಕ್ಟೇಸ್ ಎಂಬುದು ಬರಿದಾಗಿಸುವ ದಿಕ್ಕಿನಲ್ಲಿಯೂ ದುಡಿಯುತ್ತವೆ. ಹರಡುವ ಸ್ವಭಾವದ ಮೆಲನೋಮಾ ಕೋಶಗಳಲ್ಲಿ ಈ ಎರಡನೆಯ ಕಿಣ್ವವು ಕುಗ್ಗಿರುವುದನ್ನು ಅಮೆರಿಕದ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ಅದನ್ನು ಮತ್ತೆ ಹೆಚ್ಚಿಸಿದಾಗ ಕೋಶಗಳ ಆಕ್ರಮಣ ತಗ್ಗಿತು. ಅಂದರೆ, ಕಣಜ ತುಂಬಿದಷ್ಟೂ ಕಳ್ಳನ ಕಾಲಿಗೆ ಬಲ!

ಇಂತಹ ಕಿಣ್ವಗಳನ್ನು ತಡೆಯುವುದೇ ಚಿಕಿತ್ಸೆಯ ಒಂದು ಮಾರ್ಗ. 1957ರಲ್ಲಿ ಚಾರ್ಲ್ಸ್ ಹೈಡೆಲ್‌ಬರ್ಗರ್ ಮತ್ತು ಸಂಗಡಿಗರು ಪರಿಚಯಿಸಿದ ಫ್ಲೂರೋಯುರಾಸಿಲ್ ಔಷಧಿಯು ಡಿ.ಎನ್.ಎ.ಯ ಇಟ್ಟಿಗೆಯೊಂದನ್ನು ಸಿದ್ಧಪಡಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಚರ್ಮದ ಮೇಲ್ಪದರದ ಕೆಲವು ಕ್ಯಾನ್ಸರುಗಳಿಗೆ ಇದನ್ನು ಮುಲಾಮಿನ ರೂಪದಲ್ಲಿ ಹಚ್ಚುತ್ತಾರೆ. ಮೆಲನೋಮಾಕ್ಕೆ ಇದು ಮದ್ದಲ್ಲ. 2011ರಲ್ಲಿ ರಿಚರ್ಡ್ ವೈಟ್, ಲಿಯೊನಾರ್ಡ್ ಜಾನ್ ಮೊದಲಾದವರು ಜೀಬ್ರಾ ಮೀನುಗಳ ಮೇಲೆ ಪ್ರಯೋಗ ಆರಂಭಿಸಿ, ಕೀಲುವಾತಕ್ಕೆ ಬಳಸುವ ಲೆಫ್ಲುನೊಮೈಡ್ ಔಷಧಿಯು ಇಂತಹುದೇ ಮತ್ತೊಂದು ಕಿಣ್ವವನ್ನು ತಡೆದು ಮೆಲನೋಮಾದ ಬೆಳವಣಿಗೆಯನ್ನು ಕುಗ್ಗಿಸುವುದನ್ನು ತೋರಿಸಿದರು.

ಆದರೆ ಪ್ರಯೋಗಶಾಲೆಯ ಗೆಲುವು ಔಷಧಿ ಅಂಗಡಿಯ ಚೀಟಿಯಲ್ಲ. ಲೆಫ್ಲುನೊಮೈಡ್ ಯಕೃತ್ತಿಗೂ, ಗರ್ಭದಲ್ಲಿರುವ ಶಿಶುವಿಗೂ ಹಾನಿಮಾಡಬಲ್ಲುದು. ಈ ಲೇಖನವನ್ನು ಓದಿ ಯಾರೂ ಸ್ವಯಂ ಚಿಕಿತ್ಸೆಗೆ ಕೈಹಾಕಬಾರದು. ಇಂದಿಗೂ ಮೆಲನೋಮಾಕ್ಕೆ ಮೊದಲ ಚಿಕಿತ್ಸೆಯೆಂದರೆ, ಅದು ಆಳಕ್ಕಿಳಿಯುವ ಮುನ್ನವೇ ಶಸ್ತ್ರಕ್ರಿಯೆಯಿಂದ ತೆಗೆದುಹಾಕುವುದು.

ನಮ್ಮ ಮೈಬಣ್ಣದವರಲ್ಲಿ ಈ ರೋಗ ವಿರಳವೇ ಸರಿ. ಆದರೆ ಬಂದಾಗ ಬಹುಪಾಲು ಅಂಗಾಲು, ಅಂಗೈ, ಉಗುರಿನಡಿಗಳಲ್ಲಿ ಅಡಗಿ ಕೂರುತ್ತದೆ. ವಯಸ್ಸಾದವರಿಗೆ ಬಗ್ಗಿ ತಮ್ಮ ಪಾದವನ್ನು ತಾವೇ ನೋಡಿಕೊಳ್ಳುವುದು ಕಷ್ಟ. ತಿಂಗಳಿಗೊಮ್ಮೆ ಅಜ್ಜ ಅಜ್ಜಿಯರ ಕಾಲು ತೊಳೆದು, ಅಂಗಾಲನ್ನು ಬೆಳಕಿಗೆ ಹಿಡಿದು ನೋಡುವ ಕೆಲಸವನ್ನು ಮೊಮ್ಮಕ್ಕಳು ವಹಿಸಿಕೊಳ್ಳಲಿ. ಮಚ್ಚೆಯು ಹಿಗ್ಗುತ್ತಿದ್ದರೆ, ಅಂಚು ಅಂಕುಡೊಂಕಾಗಿದ್ದರೆ, ಬಣ್ಣ ಬದಲಾಗಿದ್ದರೆ, ರಕ್ತ ಒಸರುತ್ತಿದ್ದರೆ ಅಥವಾ ಗಾಯವು ವಾರಗಟ್ಟಲೆ ಮಾಯದಿದ್ದರೆ ಚರ್ಮವೈದ್ಯರ ಬಳಿಗೆ ಹೋಗಲು ತಡಮಾಡಬಾರದು. ಸುಡುವುದು, ಕೊಯ್ಯುವುದು, ಸೊಪ್ಪು ಅರೆದು ಕಟ್ಟುವುದು ಬೇಡ. ಹಿರಿಯರ ಪಾದಸೇವೆಯೊಂದಿಗೆ ಪ್ರಾಣರಕ್ಷಣೆಯೂ ಆಗುವುದಾದರೆ ಅದಕ್ಕಿಂತ ಮಿಗಿಲಾದುದು ಮತ್ತೇನಿದೆ?