ಸೋಯಾ ಪೇಟೆಗೆ, ಪುಡಿ ಡಬ್ಬಿ ಮನೆಗೆ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿ ಕಡೆಯ ತಾಲೀಮುಗಳಲ್ಲಿ ‘ಖುರಾಕು’ ಎಂಬುದು ದೊಡ್ಡ ಮಾತು. ಹಾಲು, ತುಪ್ಪ, ಬದಾಮಿ ಅರೆದ ಥಂಡಾಯಿ, ಒಗ್ಗುವವರಿಗೆ ತತ್ತಿ, ಮಾಂಸ. ಒಬ್ಬ ಪೈಲವಾನನನ್ನು ಸಾಕಬೇಕಾದರೆ ಮನೆಮಂದಿಯೆಲ್ಲ ಕೈ ಬಿಗಿ ಹಿಡಿಯಬೇಕಾಗುತ್ತಿತ್ತು. ಆದರೆ ತಾಲೀಮಿನಲ್ಲಿ ಖುರಾಕಿಗಿಂತ ಮೊದಲು ಮೆಹನತ್ತು. ನೂರಾರು ದಂಡ, ಬೈಠಕ್ ಹೊಡೆದು, ಕೆಮ್ಮಣ್ಣಿನಲ್ಲಿ ಹೊರಳಿ ಎದ್ದವನಿಗೇ ಹಾಲಿನ ತಂಬಿಗೆ.

ಈಗ ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದ ಹುಡುಗರು ಜಿಮ್‌ಗೆ ಹೋಗುತ್ತಾರೆ. ಅಗ್ನಿವೀರ ಭರ್ತಿಗೆಂದು, ಪೊಲೀಸ್ ಭರ್ತಿಗೆಂದು ನಸುಕಿನಲ್ಲಿ ಎದ್ದು ಓಡುತ್ತಾರೆ. ಸೇನೆಯ ಭರ್ತಿಯಲ್ಲಿ 1.6 ಕಿ.ಮೀ. ಓಟವೂ ಇದೆ, ಪುಲ್-ಅಪ್ಸ್ ಕೂಡ ಇವೆ; ಕಾಲಿಗೂ ತೋಳಿಗೂ ಕಸುವು ಬೇಕು. ಈ ಅವಸರದಲ್ಲಿ ಕ್ರಮ ತಲೆಕೆಳಗಾಗಿದೆ. ಮೆಹನತ್ತಿಗಿಂತ ಮೊದಲೇ ಪುಡಿಯ ಡಬ್ಬಿ ಮನೆಗೆ ಬರುತ್ತಿದೆ. ಎರಡು–ಮೂರು ಸಾವಿರ ರೂಪಾಯಿ ಕೊಟ್ಟು ತಂದ ಆ ಡಬ್ಬಿ ನಿಜವಾಗಿ ಎಷ್ಟು ಮಾಂಸಖಂಡ ಕೊಡುತ್ತದೆ ಎಂಬ ಲೆಕ್ಕವನ್ನು ಮನೆಯ ಯಾರೂ ಕೇಳುವುದಿಲ್ಲ.

ಆ ಲೆಕ್ಕ ಸಿಗುವುದು 2018ರಲ್ಲಿ ‘ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್’ ಪ್ರಕಟಿಸಿದ ಒಂದು ವಿಶ್ಲೇಷಣೆಯಲ್ಲಿ. 49 ಅಧ್ಯಯನಗಳ 1,863 ಜನರ ಫಲಿತಾಂಶಗಳನ್ನು ಅದು ಒಟ್ಟಿಗೆ ಇಟ್ಟು ನೋಡಿತು. ಕೆಲವು ತಿಂಗಳು ಭಾರ ಎತ್ತುವ ವ್ಯಾಯಾಮ ಮಾಡಿದವರಲ್ಲಿ, ಕೊಬ್ಬು ಬಿಟ್ಟು ಉಳಿದ ದೇಹತೂಕ ವ್ಯಾಯಾಮವೊಂದರಿಂದಲೇ ಸರಾಸರಿ 1.1 ಕೆ.ಜಿ.ಯಷ್ಟು ಏರಿತ್ತು. ಪ್ರೋಟೀನ್ ಹೆಚ್ಚು ಕೊಟ್ಟಾಗ ಅದರ ಮೇಲೆ ಸೇರಿದ್ದು 0.3 ಕೆ.ಜಿ. ಒಮ್ಮೆ ಎತ್ತಬಲ್ಲ ಗರಿಷ್ಠ ಭಾರ ವ್ಯಾಯಾಮದಿಂದ 27 ಕೆ.ಜಿ.ಯಷ್ಟು ಹೆಚ್ಚಿದರೆ, ಪ್ರೋಟೀನ್ ಸೇರಿಸಿದ್ದು ಇನ್ನೆರಡೂವರೆ ಕೆ.ಜಿ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಮುಟ್ಟಿದ ಮೇಲೆ ಸರಾಸರಿ ಲಾಭ ನಿಂತುಹೋಗಿತ್ತು. ಅಂದರೆ ಪ್ರೋಟೀನಿನಿಂದ ಲಾಭ ಇದೆ, ಅದು ಸಣ್ಣದು, ಅದಕ್ಕೊಂದು ಮಿತಿಯೂ ಇದೆ. ಸ್ನಾಯುವನ್ನು ಕಟ್ಟುವುದು ದುಡಿತ. ಪ್ರೋಟೀನ್ ಆ ಕಟ್ಟಡದ ಇಟ್ಟಿಗೆ. ಕೆಲಸವೇ ನಡೆಯದ ಕಡೆ ಇಟ್ಟಿಗೆ ತಂದು ಸುರಿದರೆ ಮನೆ ಎದ್ದೀತೆ?

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಕೂಡ ಮೈಕಟ್ಟಿಗೆಂದು ಪ್ರೋಟೀನ್ ಪುಡಿ ಬೇಡ ಎಂದಿತು. ಅದೇ ವರ್ಷ ಕೇರಳದ ವೈದ್ಯರ ತಂಡವೊಂದು ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷೆಗೆ ಒಡ್ಡಿದಾಗ ಸುಮಾರು ಶೇ 70ರಷ್ಟರಲ್ಲಿ ಪ್ರೋಟೀನ್ ಪ್ರಮಾಣ ಚೀಟಿಯಲ್ಲಿ ಬರೆದಂತೆ ಇರಲಿಲ್ಲ. ಕೆಲವು ಡಬ್ಬಿಗಳಲ್ಲಿ ಬೂಷ್ಟಿನ ವಿಷ ಅಫ್ಲಾಟಾಕ್ಸಿನ್ ಸಿಕ್ಕಿತು.

ಪುಡಿ ಬೇಡ ಎನ್ನುವ ಮಾತು ಸರಿ. ಆದರೆ ಅಷ್ಟಕ್ಕೇ ನಿಲ್ಲಿಸುವುದು ಅರ್ಧ ಮಾತು ಎಂಬುದು ನನ್ನ ತಕರಾರು. ಡಬ್ಬಿ ಬಿಟ್ಟ ಹುಡುಗನ ತಾಟಿನಲ್ಲಿ ಏನಿದೆ ಎಂದು ನೋಡಬೇಡವೇ?

ನಮ್ಮ ದೇಶದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದಿನಕ್ಕೆ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ತೂಗುವ ಹುಡುಗನಿಗೆ 50 ಗ್ರಾಂ. ಭಾರ ಎತ್ತಿ ಮೈ ಕಟ್ಟಬೇಕೆನ್ನುವವನಿಗೆ 1.6ರ ಮಿತಿಯವರೆಗೆ ಹೋದರೂ 96 ಗ್ರಾಂ. ಕಾಲು ಕಿಲೋ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 25 ಗ್ರಾಂ ಸಿಗುತ್ತದೆ. ಆದರೆ ಜೋಳದ ಪ್ರೋಟೀನ್ ಪೂರ್ತಿ ಮೈಗೂಡುವುದಿಲ್ಲ. ಲೈಸಿನ್ ಎಂಬ ಅಮೈನೋ ಆಮ್ಲವೂ ಅದರಲ್ಲಿ ಕಡಿಮೆ. ಆ ಕೊರತೆ ತುಂಬುವುದು ಮಡಕಿ, ಹೆಸರು, ಹುರಳಿ, ಕಡಲೆ. ರೊಟ್ಟಿಯ ಜೊತೆ ಕಾಳಿನ ಪಲ್ಯ ಅಥವಾ ಝುಣಕ, ಮೇಲೊಂದಿಷ್ಟು ಶೇಂಗಾ ಹಿಂಡಿ, ಗಟ್ಟಿ ಮೊಸರು ಇಟ್ಟ ಅಜ್ಜಿಯರಿಗೆ ಲೈಸಿನ್ ಎಂಬ ಹೆಸರು ಗೊತ್ತಿರಲಿಲ್ಲ, ತಾಟು ಮಾತ್ರ ಸರಿಯಾಗಿತ್ತು. 50 ಗ್ರಾಂ ಕಾಳಿಗೆ 10–11, ಒಂದು ಹಿಡಿ ಶೇಂಗಾಕ್ಕೆ 7, ಅರ್ಧ ಲೀಟರ್ ಎಮ್ಮೆ ಹಾಲಿಗೆ 18 ಗ್ರಾಂ. ರೊಟ್ಟಿಯ 25 ಕೂಡಿಸಿದರೆ 60 ಮುಟ್ಟುತ್ತದೆ. ಹಳೆಯ ಖುರಾಕಿನಲ್ಲೂ ಸ್ನಾಯುವಿನ ಕೆಲಸ ಮಾಡಿದ್ದು ಮುಖ್ಯವಾಗಿ ಹಾಲು, ಜೊತೆಗೆ ಒಂದಿಷ್ಟು ಬದಾಮಿ. ತುಪ್ಪದಲ್ಲಿ ಪ್ರೋಟೀನ್ ಇಲ್ಲ. ಅದು ದುಡಿವ ಮೈಗೆ ಬೇಕಾದ ಶಕ್ತಿ ಕೊಟ್ಟು, ಪ್ರೋಟೀನ್ ಉರುವಲಾಗಿ ಸುಟ್ಟುಹೋಗದಂತೆ ಕಾಯುತ್ತಿತ್ತು.

ಈ ತಾಟು ಈಗ ಬರಿದಾಗಿದೆ. ಕೃಷ್ಣೆ, ದೂಧಗಂಗೆ, ವೇದಗಂಗೆಯ ನೀರು ಹರಿದಲ್ಲೆಲ್ಲ ಕಬ್ಬು ನಿಂತಿದೆ. ಕಬ್ಬು ದುಡ್ಡು ಕೊಟ್ಟಿತು, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಜೋಳದ ನಡುವೆ ಅಕ್ಕಡಿ ಹಾಕುತ್ತಿದ್ದ ಕಾಳು ಆ ಹೊಲದಿಂದ ಹೋಯಿತು. ಹಾಲು ಬೆಳಿಗ್ಗೆಯೇ ಡೈರಿಗೆ ಹೋಗುತ್ತದೆ, ಮನೆಗೆ ಚಹಾಕ್ಕಷ್ಟೇ ಉಳಿಯುತ್ತದೆ. ನಸುಕಿನಲ್ಲಿ ಐದು ಕಿ.ಮೀ. ಓಡಿ ಬಂದ ಹುಡುಗ ಚಹಾ, ಖಾರಿ ತಿಂದು ಕಾಲೇಜಿಗೆ ಹೊರಡುತ್ತಾನೆ. ಭರ್ತಿಗೆ ಓಡುವ ಹುಡುಗಿಯ ಸ್ಥಿತಿ ಇನ್ನೂ ಕಷ್ಟದ್ದು: ಎಲ್ಲರ ಊಟ ಮುಗಿದ ಮೇಲೆ ಅವಳ ಪಾಲಿಗೆ ಪಲ್ಯದ ರಸ ಇರುತ್ತದೆ, ಕಾಳು ಇರುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಸೋಯಾದ ಕತೆ. ಈ ಭಾಗದ ಮುಂಗಾರು ಬೆಳೆಗಳಲ್ಲಿ ಸೋಯಾಬೀನ್ ದೊಡ್ಡದು. ನೂರು ಗ್ರಾಂ ಕಾಳಿನಲ್ಲಿ ಸುಮಾರು 36 ಗ್ರಾಂ ಪ್ರೋಟೀನ್. ಯಾವ ಬೇಳೆಯೂ ಅದಕ್ಕೆ ಸಮ ಬರುವುದಿಲ್ಲ. ರಾಶಿ ಆದ ಕೂಡಲೇ ಅದು ಪೇಟೆಗೆ ಹೋಗುತ್ತದೆ. ಎಣ್ಣೆ ತೆಗೆದ ಮೇಲೆ ಪ್ರೋಟೀನ್ ಎಲ್ಲ ಉಳಿಯುವುದು ಹಿಂಡಿಯಲ್ಲಿ, ಹಿಂಡಿ ಹೆಚ್ಚಾಗಿ ಹೋಗುವುದು ಕೋಳಿಗಳ ಮೇವಿಗೆ. ಬೆಳೆದವನ ಮಗ ಡಬ್ಬಿ ಕೊಳ್ಳುತ್ತಾನೆ.

ಜೈನ ಮುನಿ ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ ಇರುವ ಸೀಮೆ ಇದು. ಜೈನ, ಲಿಂಗಾಯತ ಮನೆಗಳು ಹೆಚ್ಚು. ತತ್ತಿ, ಮಾಂಸ ತಿನ್ನಿರಿ ಎಂಬ ಒಂದೇ ಉಪದೇಶ ಎಲ್ಲರಿಗೂ ಒಗ್ಗುವುದಿಲ್ಲ. ಸಸ್ಯಾಹಾರದಿಂದ ಮೈ ಕಟ್ಟಲಾಗದು ಎಂಬ ಜಿಮ್ಮಿನ ಮಾತನ್ನು ಬ್ರೆಜಿಲ್‌ನ ಸಾವೊ ಪಾಲೊದ ಸಂಶೋಧಕರು 2021ರಲ್ಲಿ ಸುಳ್ಳು ಮಾಡಿದರು. ಹಾಲನ್ನೂ ಮುಟ್ಟದ ಸಸ್ಯಾಹಾರಿ ಯುವಕರು 19, ಮಿಶ್ರಾಹಾರಿಗಳು 19. ಇಬ್ಬರಿಗೂ ಕಿಲೋಗೆ 1.6 ಗ್ರಾಂ ಪ್ರೋಟೀನ್, 12 ವಾರ ವ್ಯಾಯಾಮ. ಸಸ್ಯಾಹಾರಿಗಳಿಗೆ ಕಡಿಮೆ ಬಿದ್ದದ್ದನ್ನು ಸೋಯಾ ಪ್ರೋಟೀನಿನಿಂದ ತುಂಬಿದರು. ಸ್ನಾಯು, ಬಲ ಎರಡೂ ಎರಡು ಗುಂಪುಗಳಲ್ಲಿ ಸರಿಸಮನಾಗಿ ಬೆಳೆದವು.

ಐವರ ಮನೆಯೊಂದು ತಲೆಗೆ ದಿನಕ್ಕೆ 30 ಗ್ರಾಂನಂತೆ ಸೋಯಾ ಉಳಿಸಿಕೊಂಡರೆ ವರ್ಷಕ್ಕೆ 55 ಕೆ.ಜಿ. 2025–26ರ ಬೆಂಬಲ ಬೆಲೆ ಕ್ವಿಂಟಲಿಗೆ ₹5,328ರಂತೆ ಅದರ ಬೆಲೆ ₹3,000ಕ್ಕಿಂತ ಕಡಿಮೆ. ಅದರಲ್ಲಿ 20 ಕೆ.ಜಿ.ಯಷ್ಟು ಪ್ರೋಟೀನ್ ಇರುತ್ತದೆ. ಹಸಿ ಸೋಯಾದಲ್ಲಿ ಪ್ರೋಟೀನ್ ಪಚನ ತಡೆಯುವ ಅಂಶಗಳಿವೆ. ಆದ್ದರಿಂದ ರಾತ್ರಿ ನೆನೆಸಿ, ನೀರು ಚೆಲ್ಲಿ, ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಬೇಕು. ಮಿಸಳದ ಮಡಕಿಯ ಜೊತೆ ಬೆಂದ ಸೋಯಾ ಬೆರೆತರೆ ರುಚಿಯೇನೂ ಕೆಡುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು.

ಮನೆಯಿಂದ ದೂರ ಇರುವವರ ಪಾಡು ಬೇರೆ. ಹಾಸ್ಟೆಲಿನ ಹುಡುಗ, ಹುಡುಗಿಯ ತಾಟನ್ನು ತುಂಬಬೇಕಾದ್ದು ಸರ್ಕಾರ. ಪಡಿತರದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ ಮೊದಲಾದವುಗಳ ‘ಇಂದಿರಾ ಕಿಟ್’ ಕೊಡಲು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿತು. ಹೊಟ್ಟೆ ತುಂಬಿಸುವುದರಿಂದ ಮೈ ಕಟ್ಟುವುದರ ಕಡೆಗೆ ಅದು ಒಳ್ಳೆಯ ಹೆಜ್ಜೆ. ಅದೇ ಬುದ್ಧಿ ಈ ಐದು ತಾಲ್ಲೂಕುಗಳ ಹಾಸ್ಟೆಲುಗಳಿಗೂ ಬರಲಿ. ಬೆಳಗಿನ ಉಪ್ಪಿಟ್ಟು, ಅವಲಕ್ಕಿಯ ಪಕ್ಕದಲ್ಲಿ ಒಂದು ಬಟ್ಟಲು ಮೊಳಕೆ ಕಾಳು ಮತ್ತು ಒಂದು ಲೋಟ ಹಾಲು, ರಾತ್ರಿ ತೆಳು ಸಾರಿನ ಬದಲು ಗಟ್ಟಿ ಕಾಳಿನ ಪಲ್ಯ, ತಿನ್ನುವವರಿಗೆ ತತ್ತಿ. ಸೋಯಾ, ಕಡಲೆಯನ್ನು ಇಲ್ಲಿನ ರೈತರಿಂದಲೇ ಬೆಂಬಲ ಬೆಲೆಗೆ ಕೊಳ್ಳಬಹುದು. ಸೋಯಾ ರಾಶಿಯಾಗಿ ಪೇಟೆಗೆ ಬರುವ ಸೆಪ್ಟೆಂಬರ್–ಅಕ್ಟೋಬರ್‌ಗಿಂತ ಮೊದಲೇ ಆ ಆದೇಶ ಹೊರಡಬೇಕು. ದೀಪಾವಳಿ ಕಳೆದರೆ ಕಾಳು ಎಣ್ಣೆ ಗಿರಣಿ ಸೇರಿರುತ್ತದೆ.