ಚುಕ್ಕಿ ಇಟ್ಟ ಕೈಗೆ ಕಂಪ್ಯೂಟರ್ ದೂರವಲ್ಲ

ಹನೂರು ತಾಲ್ಲೂಕಿನ ರಾಮಾಪುರದಂಥ ಊರಿನಲ್ಲಿ ಮಗಳೊಬ್ಬಳು ‘ನಾನು ಇಂಟರ‍್ಯಾಕ್ಟಿವ್ ಡಿಸೈನ್ ಕಲಿಯುತ್ತೇನೆ’ ಎಂದರೆ ಮನೆಯವರಿಗೆ ಹುಟ್ಟುವ ಪ್ರಶ್ನೆಗಳು ಎರಡು. ಅದೇನು? ಫೀಸು ಎಷ್ಟು? ಎರಡೂ ನ್ಯಾಯವಾದ ಪ್ರಶ್ನೆಗಳೇ.

ಮೊದಲನೆಯದಕ್ಕೆ ಉತ್ತರ ಸುಲಭ. ಗೋಡೆಯ ಕ್ಯಾಲೆಂಡರನ್ನು ಎಷ್ಟು ಸಲ ಮುಟ್ಟಿದರೂ ಅದು ಸುಮ್ಮನಿರುತ್ತದೆ. ಮೊಬೈಲ್ ಪರದೆ ಹಾಗಲ್ಲ, ಮುಟ್ಟಿದರೆ ಮಾರುತ್ತರ ಕೊಡುತ್ತದೆ. ಹೀಗೆ ಉತ್ತರ ಕೊಡುವ ಚಿತ್ರ, ಸದ್ದು, ಅಕ್ಷರಗಳನ್ನು ರೂಪಿಸುವುದೇ ಈ ವಿದ್ಯೆ.

ಇನ್ನು ಫೀಸಿನ ಮಾತು. ಸಾಲ ಮಾಡಿ ಕೋರ್ಸಿಗೆ ಸೇರಿಸುವ ಮೊದಲು, ಹಣ ಕೊಡಬೇಕಿಲ್ಲದ ಸಲಕರಣೆಗಳನ್ನು ಮಕ್ಕಳು ಮೂರು ತಿಂಗಳು ಬಳಸಿ ನೋಡಲಿ. ಅಮೆರಿಕದ ಎಂಐಟಿ ಸಂಸ್ಥೆ 2007ರಲ್ಲಿ ಹೊರತಂದ ‘ಸ್ಕ್ರ್ಯಾಚ್’ನಲ್ಲಿ ಆಜ್ಞೆಗಳನ್ನು ಇಟ್ಟಿಗೆಗಳಂತೆ ಜೋಡಿಸಿದರೆ ಸಾಕು. ಶಾಲೆಯ ಕಂಪ್ಯೂಟರಿಗೆ ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ಅದು ಕೈಗೆ ಬಂದ ಮೇಲೆ ‘ಪಿ5.ಜೆಎಸ್’, ಇಲ್ಲಿ ಆಜ್ಞೆಗಳನ್ನು ಬರೆದು ಚಿತ್ರ ಮೂಡಿಸಬೇಕು. ಚಿತ್ರ ಬಿಡಿಸಲು ‘ಇಂಕ್‌ಸ್ಕೇಪ್’ ಇದೆ. ಕನ್ನಡದ ಅಕ್ಷರಗಳಿಗೆ ಯೂನಿಕೋಡ್ ಫಾಂಟನ್ನೇ ಬಳಸಿ. ಹಳೆಯ ಫಾಂಟಿನಲ್ಲಿ ಬರೆದದ್ದು ಬೇರೆ ಯಂತ್ರದಲ್ಲಿ ಗೀಚಿದಂತೆ ಕಂಡೀತು. ನಮ್ಮ ಒತ್ತಕ್ಷರಗಳು ಕೆಳಕ್ಕೆ ಇಳಿಯುವುದರಿಂದ ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಬೇಕು.

ಸಲಕರಣೆ ಸಿಕ್ಕಿತು, ಮಾಡುವುದೇನು? ಅದಕ್ಕೆ ಅಂಗಳವನ್ನೇ ನೋಡಿ. ಏಳು ಸಾಲು, ಸಾಲಿಗೆ ಏಳು ಚುಕ್ಕಿ. ‘ಏಳು ಸಲ ಚುಕ್ಕಿ ಇಡು’ ಎಂಬ ಆಜ್ಞೆಯನ್ನು ‘ಏಳು ಸಲ ಸಾಲು ಬದಲಿಸು’ ಎಂಬ ಆಜ್ಞೆಯೊಳಗೆ ಇಟ್ಟರೆ 49 ಚುಕ್ಕಿಗಳೂ ಮೂಡುತ್ತವೆ. ಏಳನ್ನು ಒಂಬತ್ತು ಮಾಡಿದರೆ 81! ಮುಟ್ಟಿದ ಚುಕ್ಕಿ ಬಣ್ಣ ಬದಲಿಸುವಂತೆ ಮಾಡಿದಿರೋ, ಅಮ್ಮನ ರಂಗೋಲೆಯೇ ನಿಮ್ಮ ಮೊದಲ ಇಂಟರ‍್ಯಾಕ್ಟಿವ್ ಚಿತ್ರ.

ಮಾದಪ್ಪನ ಸೀಮೆಯವರಿಗೆ ಎರಡನೆಯ ಪಾಠ ಕಂಸಾಳೆಯಲ್ಲಿದೆ. ಒಂದು ಕೈಯ ಕಂಚಿನ ಬಟ್ಟಲಿಗೆ ಇನ್ನೊಂದು ಕೈಯ ತಾಳ ತಾಗಿದೊಡನೆ ನಾದ ಹೊಮ್ಮುತ್ತದೆ. ತಡವಾದರೆ ಕುಣಿತವೇ ಕೆಡುತ್ತದೆ. ಪರದೆಯ ಗುಂಡಿಯೂ ಹಾಗೆಯೇ. ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಉತ್ತರ ಬಂದರೆ ‘ತಕ್ಷಣ’ ಎನಿಸುತ್ತದೆ. ತಡವಾದರೆ ಜನ ಮತ್ತೆ ಮತ್ತೆ ಒತ್ತುತ್ತಾರೆ. ಕಂಸಾಳೆಯ ಸದ್ದನ್ನು ಮೊಬೈಲಿನಲ್ಲಿ ಹಿಡಿದು, ಮುಟ್ಟಿದಾಗ ನುಡಿಯುವಂತೆ ಮಾಡಿ ನೋಡಿ.

ಮಾಡಿದ್ದನ್ನು ಏನೂ ವಿವರಿಸದೆ ಅಜ್ಜಿಯ ಕೈಗೆ ಕೊಡಿ. ಅವರ ಬೆರಳು ಎಲ್ಲಿ ತಡವರಿಸುತ್ತದೋ ಅಲ್ಲಿ ತಪ್ಪು ಅಜ್ಜಿಯದಲ್ಲ, ನಿಮ್ಮದು. ತಿದ್ದಿ, ಮತ್ತೆ ಕೊಡಿ. ಈ ವಿದ್ಯೆಯ ಮುಕ್ಕಾಲು ಪಾಲು ಇಷ್ಟೇ.

ಪೋಷಕರಿಗೆ ಒಂದು ಮಾತು. ಮೂರು ತಿಂಗಳ ನಂತರ ಮಕ್ಕಳು ಮಾಡಿದ ಕೆಲಸವನ್ನು ನೀವೇ ಮುಟ್ಟಿ ನೋಡಿ. ಅಷ್ಟು ಹೊತ್ತಿಗೂ ಅವರ ಆಸಕ್ತಿ ಉಳಿದಿದ್ದರೆ ಮುಂದಿನ ದಾರಿ ಇದೆ. ಮುಂಬೈ ಐಐಟಿ ನಡೆಸುವ ‘ಯುಸೀಡ್’ ಪರೀಕ್ಷೆಯನ್ನು ಪಿಯುಸಿಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಬರೆಯಬಹುದು. ಆಸಕ್ತಿ ಬತ್ತಿದ್ದರೂ ನಷ್ಟವೇನಿಲ್ಲ. ಸಾಲವಂತೂ ಉಳಿಯಿತು, ಮೊಬೈಲನ್ನು ಬರೀ ನೋಡುತ್ತಿದ್ದ ಮಗು ಅದರೊಳಗಿನದನ್ನು ತಾನೂ ಮಾಡಬಲ್ಲೆ ಎಂದು ತಿಳಿಯಿತು.