ಸದ್ದಿಲ್ಲದ ಪಿಟೀಲು

ದಕ್ಷಿಣ ಅಮೆರಿಕದ ವೆನಿಜುವೆಲಾದಲ್ಲಿ ಸಂಗೀತ ಕಲಿಯಲು ಬರುವ ಎಷ್ಟೋ ಪುಟಾಣಿಗಳ ಕೈಗೆ ಮೊದಲು ಸಿಗುವುದು ಕಾಗದ, ರಟ್ಟು, ಅಂಟಿನಿಂದ ಮಾಡಿದ ಪಿಟೀಲು. ಅದು ನುಡಿಯುವುದಿಲ್ಲ. ಅದನ್ನು ಮಾಡಲು ತಂದೆತಾಯಿಯರೂ ಕೈಜೋಡಿಸುತ್ತಾರೆ. (ನಮ್ಮ ಮನೆಗಳಲ್ಲಾದರೆ ಪರೀಕ್ಷೆ ಮುಗಿಯುವ ತನಕ ಕಾಯಬೇಕಾದೀತು!) ವಾದ್ಯವನ್ನು ಗದ್ದಕ್ಕೆ ಆನಿಸಿ ಹಿಡಿಯುವುದು, ಕಮಾನು ಎಳೆಯುವುದು, ಬೀಳಿಸದೆ ಜೋಪಾನ ಮಾಡುವುದು, ಸಾಲಿನಲ್ಲಿ ಕೂರುವುದು ಇಷ್ಟೆಲ್ಲ ರೂಢಿಯಾದ ಮೇಲೆ ನಿಜವಾದ ಪಿಟೀಲು.

‘ಎಲ್ ಸಿಸ್ತೆಮಾ’ ಎಂಬ ಈ ವ್ಯವಸ್ಥೆಯನ್ನು 1975ರಲ್ಲಿ ಕಾರಕಾಸ್ ನಗರದ ಗ್ಯಾರೇಜೊಂದರಲ್ಲಿ 11 ಮಂದಿಯೊಡನೆ ಆರಂಭಿಸಿದವರು ಹೊಸೆ ಆಂಟೋನಿಯೊ ಅಬ್ರೆಯು. ಅರ್ಥಶಾಸ್ತ್ರಜ್ಞರು, ಸಂಗೀತಗಾರರೂ ಹೌದು. ನಮ್ಮಲ್ಲಿ ಗುರುವಿನೆದುರು ಕುಳಿತು ವರ್ಷಗಟ್ಟಲೆ ಸಾಧನೆ ಮಾಡಿದ ಮೇಲೆ ಕಛೇರಿ. ಅಲ್ಲಿ ಕಲಿಕೆಯೇ ವಾದ್ಯವೃಂದದೊಳಗೆ. ನಾಲ್ಕು ಪಾಠ ಮುಂದಿರುವ ಹುಡುಗಿ ಹಿಂದಿರುವವನಿಗೆ ಹೇಳಿಕೊಡುತ್ತಾಳೆ. ಸೆಕೆಂಡಿಗೆ ಸುಮಾರು 440 ಕಂಪನಗಳ ಒಂದು ಸ್ವರಕ್ಕೆ ಎಲ್ಲರೂ ಶ್ರುತಿ ಕೂಡಿಸಬೇಕು. ಪಕ್ಕದವರಿಗೆ ಕಿವಿಗೊಡದೆ ಅದು ಸಾಧ್ಯವಿಲ್ಲ.

ಸರ್ಕಾರದ ಹಣ ಬಂದಲ್ಲಿ ರಾಜಕೀಯವೂ ಬಂತು. 2017ರ ಪ್ರತಿಭಟನೆಯಲ್ಲಿ, ಇಲ್ಲಿ ಕಲಿತ 18 ವರ್ಷದ ವಯೋಲಾ ವಾದಕನೊಬ್ಬ ಕೊಲ್ಲಲ್ಪಟ್ಟ. ಇದೇ ವ್ಯವಸ್ಥೆಯಲ್ಲಿ ಬೆಳೆದು ಜಗತ್ಪ್ರಸಿದ್ಧರಾದ ಗುಸ್ತಾವೊ ದುದಾಮೆಲ್ ಆಗ ಸರ್ಕಾರವನ್ನು ಬಹಿರಂಗವಾಗಿ ಟೀಕಿಸಿದರು. ಅದೇ ವರ್ಷ ಅವರೊಡನೆ ಅಮೆರಿಕಕ್ಕೆ ಹೊರಡಬೇಕಿದ್ದ ಯುವ ವಾದ್ಯವೃಂದದ ಪ್ರವಾಸ ರದ್ದಾಯಿತು.